ಹಿಮಬಂಡಿಯ ನಾಯಿ

ಮಕ್ಕಳ ಕೈಗೆ ಕೊಡುವ ಪುಸ್ತಕವು ಮೃದುವಾಗಿರಬೇಕು, ಅದರಲ್ಲಿ ಸಾವುನೋವುಗಳ ಮಾತು ಬರಕೂಡದು ಎಂದು ಭಾವಿಸುವ ತಂದೆತಾಯಿಗಳು ನಮ್ಮಲ್ಲಿ ಅನೇಕರುಂಟು. ಅಂಥವರಿಗೆ ಜ್ಯಾಕ್ ಲಂಡನ್ ಎಂಬ ಅಮೆರಿಕದ ಗ್ರಂಥಕರ್ತನು 1903ರಲ್ಲಿ ಪ್ರಕಟಿಸಿದ ‘ದಿ ಕಾಲ್ ಆಫ್ ದಿ ವೈಲ್ಡ್’ ಎಂಬ ಕಾದಂಬರಿಯು ಮೊದಲ ನೋಟಕ್ಕೆ ಹಿಡಿಸಲಾರದು. ಅಡವಿಯ ಕರೆ ಎಂದು ಆ ಹೆಸರಿನ ಅರ್ಥ. ಏಳೇ ಅಧ್ಯಾಯಗಳ ಈ ಚಿಕ್ಕ ಹೊತ್ತಗೆಯಲ್ಲಿ ಹಿಮಬಂಡಿಯನ್ನೆಳೆಯುವ ನಾಯಿಗಳು ಒಂದೊಂದಾಗಿ ಸಾಯುತ್ತವೆ, ಮನುಷ್ಯರೂ ಸಾಯುತ್ತಾರೆ. ಇದು ಮೊದಲು ಅಚ್ಚಾದುದೂ ಹಿರಿಯರು ಓದುವ ಒಂದು ವಾರಪತ್ರಿಕೆಯಲ್ಲಿಯೇ. ಹಾಗಿದ್ದರೂ ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದೇಶದೇಶಗಳ ಬಾಲಕರು ಇದನ್ನು ತಮ್ಮದನ್ನಾಗಿ ಮಾಡಿಕೊಂಡು ಓದುತ್ತ ಬಂದಿದ್ದಾರೆ.

1896ರ ಆಗಸ್ಟಿನಲ್ಲಿ ಕೆನಡ ದೇಶದ ವಾಯವ್ಯ ಭಾಗದಲ್ಲಿ, ಕ್ಲಾಂಡೈಕ್ ನದಿಗೆ ಸೇರುವ ಒಂದು ಹಳ್ಳದಲ್ಲಿ ಚಿನ್ನ ದೊರೆಯಿತು. ಮರು ವರ್ಷ ಆ ವಾರ್ತೆಯು ಅಮೆರಿಕದ ಬಂದರುಗಳನ್ನು ಮುಟ್ಟಿದೊಡನೆಯೇ ಸುಮಾರು ಒಂದು ಲಕ್ಷ ಮಂದಿ ಅತ್ತ ಹೊರಟರು; ಅವರಲ್ಲಿ ಅರ್ಧದಷ್ಟು ಜನವೂ ಗುರಿ ಸೇರಲಿಲ್ಲ. ಹಾಗೆ ಹೋದವರಲ್ಲಿ ಇಪ್ಪತ್ತೊಂದು ವಯಸ್ಸಿನ ಲಂಡನ್ನನೂ ಒಬ್ಬನು. ಹಸುರು ಕಾಯಿಪಲ್ಯವಿಲ್ಲದ ಚಳಿಗಾಲದಲ್ಲಿ ಒಸಡುಗಳು ಕೊಳೆತು ರಕ್ತ ಸುರಿಯುವ ಸ್ಕರ್ವಿ ರೋಗಕ್ಕೆ ಸಿಕ್ಕಿ, 1898ರಲ್ಲಿ ಅವನು ಬಹುಮಟ್ಟಿಗೆ ಬರಿಗೈಯಲ್ಲಿಯೇ ಮನೆಗೆ ಮರಳಿದನು. ಡಾಸನ್ ಎಂಬ ಊರಿನಲ್ಲಿ ಬಾಂಡ್ ಮನೆತನದ ಸಹೋದರರ ಬಳಿಯಲ್ಲಿದ್ದ ಒಂದು ದೊಡ್ಡ ನಾಯಿಯನ್ನು ಅವನು ಕಂಡಿದ್ದನು. ಅದೇ ಕಥೆಯಲ್ಲಿ ಬಕ್ ಆಯಿತು. ತಂದ ಚಿನ್ನವೆಂದರೆ ಇದೇ ಎನ್ನಬೇಕು.

ಬಕ್ ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಒಬ್ಬ ನ್ಯಾಯಾಧೀಶನ ಮನೆಯಲ್ಲಿ ಸುಖವಾಗಿ ಬೆಳೆದ ನಾಯಿ. ತೂಕ 140 ಪೌಂಡು. ಜೂಜಿನಲ್ಲಿ ಹಣ ಕಳೆಯುವ ತೋಟದಾಳೊಬ್ಬನು ಅದನ್ನು ಕದ್ದು ಮಾರುತ್ತಾನೆ. ಕೆಲವೇ ದಿನಗಳಲ್ಲಿ ಅದು ಹಡಗಿನಿಂದ ಹಿಮದ ದಂಡೆಗಿಳಿದು, ಸರ್ಕಾರದ ಓಲೆಗಳನ್ನು ಒಯ್ಯುವ ಬಂಡಿಯ ನೊಗಕ್ಕೆ ಬೀಳುತ್ತದೆ.

ಸಾಹಸಕಥೆಯೆಂದೊಡನೆ ನಾವು ಹುಲಿಬೇಟೆಯನ್ನೋ ಪ್ರಪಾತವನ್ನೋ ನಿರೀಕ್ಷಿಸುತ್ತೇವಷ್ಟೆ. ಇಲ್ಲಿಯೂ ಕಾದಾಟಗಳುಂಟು. ಆದರೆ ಆ ನಾಡಿನಲ್ಲಿ ಜೀವವನ್ನು ಉಳಿಸುವುದು ಶೌರ್ಯಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ತಿಳಿವಳಿಕೆಗಳೇ. ಮೊದಲ ರಾತ್ರಿ ಬಕ್ ಚಳಿಯಿಂದ ನಡುಗುತ್ತ ಜೊತೆಯ ನಾಯಿಗಳನ್ನು ಹುಡುಕುತ್ತದೆ, ಒಂದೂ ಕಾಣಿಸದು. ಆಮೇಲೆ ಕಾಲಿನಡಿಯ ಹಿಮ ಕುಸಿದು, ಒಳಗೆ ಬಿಸುಪಾಗಿ ಮುದುರಿ ಮಲಗಿದ್ದ ನಾಯಿಯೊಂದು ಹೊರಬರುತ್ತದೆ. ಹಿಮದಿಂದ ತಪ್ಪಿಸಿಕೊಳ್ಳುವುದಕ್ಕೆ ಹಿಮವನ್ನೇ ಹೊದೆಯಬೇಕು! ದಿನದ ಆಹಾರ ಒಂದೂವರೆ ಪೌಂಡು ಒಣಗಿದ ಸಾಲ್ಮನ್ ಮೀನು. ತಡವಾಗಿ ತಿಂದರೆ ಪಕ್ಕದವರ ಪಾಲು. ನಾಡಿನ ಮೆತ್ತನೆಯ ಅಂಗಾಲು ಮಂಜುಗಡ್ಡೆಗೆ ಸೀಳುತ್ತದೆ. ಆಗ ಫ್ರಾನ್ಸ್ವಾ ಎಂಬ ಸವಾರನು ತನ್ನ ಪಾದರಕ್ಷೆಗಳ ಮೇಲ್ಭಾಗವನ್ನೇ ಕತ್ತರಿಸಿ ಬಕ್ಕಿಗೆ ನಾಲ್ಕು ಚರ್ಮದ ಜೋಡುಗಳನ್ನು ಹೊಲಿದುಕೊಡುತ್ತಾನೆ. ಒಂದು ಬೆಳಿಗ್ಗೆ ಅವನು ಅವುಗಳನ್ನು ತೊಡಿಸಲು ಮರೆತಾಗ, ಬಕ್ ಅಂಗಾತ ಮಲಗಿ ನಾಲ್ಕು ಕಾಲುಗಳನ್ನೂ ಗಾಳಿಯಲ್ಲಿ ಬೀಸುತ್ತ ಹೊರಡಲೊಲ್ಲೆನೆಂದು ಹಟ ಹಿಡಿಯುತ್ತದೆ. ಇಡೀ ಪುಸ್ತಕದಲ್ಲಿ ಬಾಲಕರು ಮನಸಾರ ನಗುವ ಸ್ಥಳ ಇದೊಂದೇ ಇರಬಹುದು.

ಗೃಹಸ್ಥರಾದ ನಮಗೆ ಮಾತ್ರ ಐದನೆಯ ಅಧ್ಯಾಯವೇ ಮುಖ್ಯವೆಂದು ನನ್ನ ಎಣಿಕೆ. ದಣಿದ ನಾಯಿಗಳನ್ನು ಅಗ್ಗಕ್ಕೆ ಕೊಳ್ಳುವ ಒಂದು ಸಂಸಾರ ಅಲ್ಲಿ ಬರುತ್ತದೆ: ಚಾರ್ಲ್ಸ್, ಅವನ ಹೆಂಡತಿ ಮರ್ಸಿಡಿಸ್, ಅವಳ ತಮ್ಮ ಹಾಲ್. ಡೇರೆ, ಪಾತ್ರೆಪದಾರ್ಥ, ಬಟ್ಟೆಬರೆಗಳನ್ನು ಬೆಟ್ಟದಂತೆ ಹೇರಿದ ಬಂಡಿಯು ಊರ ಬೀದಿಯಲ್ಲಿಯೇ ಮಗುಚಿಕೊಳ್ಳುತ್ತದೆ. ಒಂದೊಂದು ಬಟ್ಟೆಯನ್ನು ಬಿಡುವಾಗಲೂ ಆಕೆಗೆ ಅಳು. (ಯಾತ್ರೆಗೆ ಗಂಟು ಕಟ್ಟಿದ ಯಾವ ಮನೆಯವರೂ ಇಲ್ಲಿ ನಗುವ ಮೊದಲು ತಮ್ಮ ಗಂಟನ್ನು ನೆನೆಯುವುದು ಒಳ್ಳೆಯದು.) ಭಾರ ಹೆಚ್ಚೆಂದು ನಾಯಿಗಳನ್ನೂ ಹೆಚ್ಚಿಸಿ ಹದಿನಾಲ್ಕು ಮಾಡುತ್ತಾರೆ. ನಾಯಿಗೆ ಇಷ್ಟು, ದಿನಕ್ಕೆ ಇಷ್ಟು ಎಂದು ಸೀಸದಕಡ್ಡಿಯಿಂದ ಲೆಕ್ಕವನ್ನೂ ಹಾಕಿರುತ್ತಾರೆ. ಹದಿನಾಲ್ಕು ನಾಯಿಗಳ ಮೇವನ್ನು ಒಂದು ಬಂಡಿ ಹೊರಲಾರದೆಂಬ ಮಾತು ಮಾತ್ರ ಆ ಲೆಕ್ಕದಲ್ಲಿ ಬರುವುದಿಲ್ಲ. ಮೊದಲು ಕನಿಕರದಿಂದ ಅತಿಯಾಗಿ ಉಣಿಸುತ್ತಾರೆ. ಮರ್ಸಿಡಿಸಳಂತೂ ಚೀಲದಿಂದ ಮೀನು ಕದ್ದು ಹಾಕುತ್ತಾಳೆ. ಕಾಲುಭಾಗ ದಾರಿ ಸಾಗುವಷ್ಟರಲ್ಲಿ ಅರ್ಧ ಆಹಾರ ಮುಗಿದಿರುತ್ತದೆ. ಅನಂತರ ಉಳಿದದ್ದು ಹಸಿವೆ, ದೊಣ್ಣೆಯೇಟು, ಮನೆಮಂದಿಯ ಜಗಳ. ವಸಂತದಲ್ಲಿ ನದಿಯ ಮಂಜು ಕರಗುತ್ತಿದೆ, ಮುಂದೆ ಹೋಗಬೇಡಿ ಎಂದು ಜಾನ್ ಥಾರ್ನ್‌ಟನ್ ಎಂಬವನು ಎಚ್ಚರಿಸುತ್ತಾನೆ. ಬಕ್ ಏಳಲೊಲ್ಲದು, ಹೊಡೆತದಿಂದ ಅದನ್ನು ಥಾರ್ನ್‌ಟನ್ ಬಿಡಿಸಿಕೊಳ್ಳುತ್ತಾನೆ. ಉಳಿದವರು ಕಾಲು ಮೈಲಿಯಷ್ಟು ಹೋಗುತ್ತಲೇ ಮಂಜು ಬಾಯ್ದೆರೆದು ಬಂಡಿಯನ್ನೂ ನಾಯಿಗಳನ್ನೂ ಮನುಷ್ಯರನ್ನೂ ನುಂಗುತ್ತದೆ. ಅವರು ದುಷ್ಟರಲ್ಲ, ತಿಳಿಯದವರು ಅಷ್ಟೆ. ನಾಯಿಗಳ ಪಾಲಿಗೆ ಎರಡೂ ಒಂದೇ ಆಯಿತು.

ಬಕ್ ತನ್ನ ಹೊಸ ಒಡೆಯನ ಪಣವನ್ನು ಗೆಲ್ಲಿಸಲು ಸಾವಿರ ಪೌಂಡು ಭಾರವನ್ನು ನೂರು ಗಜ ಎಳೆಯುವುದೂ, ಕೊನೆಗೆ ತೋಳಗಳ ಜೊತೆಗೂಡುವುದೂ ಓದಿಯೇ ಸವಿಯತಕ್ಕ ವಿಷಯಗಳು.

ದೋಷಗಳಿಲ್ಲವೆಂದಲ್ಲ. ಕೊನೆಯಲ್ಲಿ ಬರುವ ಯೀಹ್ಯಾಟ್ ಎಂಬ ಕಾಡುಜನರು ಗ್ರಂಥಕರ್ತನ ಕಲ್ಪನೆಯವರು. ಆ ನಾಡಿನ ಮೂಲನಿವಾಸಿಗಳನ್ನು ಅವನು ಬರಿಯ ಕೊಲೆಗಡುಕರಂತೆ ಚಿತ್ರಿಸಿದ್ದು ಅನ್ಯಾಯ, ಮನೆಯಲ್ಲಿ ಓದಿ ಹೇಳುವವರು ಇದನ್ನು ಮಕ್ಕಳಿಗೆ ತಿಳಿಸಬೇಕು. ಅವನ ಪ್ರಾಣಿಗಳು ಪ್ರಾಣಿಗಳಂತಿಲ್ಲವೆಂದು ಆಗಿನ ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟರು 1907ರಲ್ಲಿ ಆಕ್ಷೇಪಿಸಿದ್ದೂ ಉಂಟು. ಅವರು ಮುಖ್ಯವಾಗಿ ಹಿಡಿದದ್ದು 1906ರ ‘ವೈಟ್ ಫ್ಯಾಂಗ್’ ಎಂಬ ಇನ್ನೊಂದು ಕಾದಂಬರಿಯನ್ನು.

ಡೇವ್ ಎಂಬ ನಾಯಿಯ ಪ್ರಕರಣವನ್ನು ಮಾತ್ರ ಮಲಗುವ ಹೊತ್ತಿನಲ್ಲಿ ಓದಬಾರದು, ಹಗಲಿನಲ್ಲಿ ಓದಬೇಕು. ಒಳಗೆ ಏನೋ ಮುರಿದಂತಾಗಿ ಅದು ಕುಸಿಯುತ್ತ ಬರುತ್ತದೆ. ಕೊನೆಗೆ ಬಂಡಿಗಳು ಮುಂದೆ ನಿಂತು, ಸವಾರನು ಹಿಂದಕ್ಕೆ ನಡೆದುಹೋಗಿ, ಒಂದು ಗುಂಡಿನ ಸದ್ದು ಕೇಳುತ್ತದೆ. ನದಿದಡದ ಮರಗಳ ಹಿಂದೆ ಏನಾಯಿತೆಂಬುದು ಪ್ರತಿಯೊಂದು ನಾಯಿಗೂ ಗೊತ್ತು. ಅದನ್ನು ಮೊದಲೇ ನೊಗದಿಂದ ಬಿಚ್ಚಿಬಿಡಬಹುದಾಗಿತ್ತಲ್ಲ ಎಂದು ಮಕ್ಕಳು ಖಂಡಿತವಾಗಿ ಕೇಳುವರು. ಬಿಚ್ಚಿದ್ದರು. ಅದು ತನ್ನ ಸ್ಥಳದಲ್ಲಿ ಕಟ್ಟಿದ್ದ ನಾಯಿಯ ಪಟ್ಟಿಗಳನ್ನು ಕಡಿದುಹಾಕಿ, ಬಂಡಿಯ ಮುಂದೆ ತಾನೇ ಬಂದು ನಿಂತಿತ್ತು. ಆ ಪುಟವನ್ನು ಹಿಂದಕ್ಕೆ ತಿರುಗಿಸಿ ಅವರಿಗೆ ಇನ್ನೊಮ್ಮೆ ಓದಿ ತೋರಿಸಬೇಕಾಗುತ್ತದೆ.