ವ್ಯಾಪಾರಿಯ ಜಾಲತಾಣಕ್ಕೆ ಆಪತ್ತೊದಗಿದಾಗ

ಕಳೆದ ದೀಪಾವಳಿಗೆ ಇನ್ನೆರಡು ದಿನವಿರುವಾಗ, ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ನಾವೆಲ್ಲರೂ ಊಟಕ್ಕೆ ಕುಳಿತಿದ್ದೆವು. ಆಗ ನನ್ನ ಸೊಸೆಗೆ ಫೋನು ಬಂದಿತು. ವ್ಯಾಪಾರಸ್ಥರ ಜಾಲತಾಣಗಳು ಕೆಟ್ಟಾಗ ಸರಿಪಡಿಸಿಕೊಡುವುದು ಆಕೆಯ ಉದ್ಯೋಗ. ಕರೆದವರು ಸೀರೆಯ ವ್ಯಾಪಾರಿಗಳೊಬ್ಬರು. ಅವರ ತಾಣವನ್ನು ತೆರೆದವರಿಗೆ ಸೀರೆಯೂ ಕಾಣದು, ಬೆಲೆಯೂ ಕಾಣದು; ಬರಿಯ ಬಿಳಿಯ ಪುಟ! ಹಬ್ಬದ ವ್ಯಾಪಾರದ ಕಾಲದಲ್ಲಿ ಅಂಗಡಿಯ ಬಾಗಿಲು ತಾನಾಗಿಯೇ ಮುಚ್ಚಿಕೊಂಡರೆ ಯಜಮಾನನ ಅವಸ್ಥೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

"ಈ ದಿನ ಅಲ್ಲಿ ಏನನ್ನಾದರೂ ಬದಲಾಯಿಸಿದಿರಾ?" ಎಂಬುದೇ ಆಕೆಯ ಮೊದಲ ಪ್ರಶ್ನೆ.

"ನಾವೇನೂ ಮುಟ್ಟಿಲ್ಲಮ್ಮಾ."

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಕಳೆದ ನನಗೆ ಆ ಉತ್ತರದ ಧ್ವನಿ ಅಪರಿಚಿತವಾಗಿರಲಿಲ್ಲ. ಗಡಿಯಾರದ ಗಾಜು ಒಡೆದ ದಿನ ತರಗತಿಯಲ್ಲಿ ಯಾರೂ ಅದನ್ನು ಮುಟ್ಟಿರುವುದಿಲ್ಲ.

ಇಂತಹ ವೇಳೆಯಲ್ಲಿ ಸುಲಭೋಪಾಯವೊಂದುಂಟು: ಹಿಂದಿನ ರಾತ್ರಿ ತೆಗೆದಿಟ್ಟ ಸಮಗ್ರ ಪ್ರತಿಯನ್ನು ತಂದು, ಕೆಟ್ಟುದರ ಸ್ಥಾನದಲ್ಲಿ ನಿಲ್ಲಿಸುವುದು. ಆದರೆ ಹಾಗೆ ಮಾಡಿದಲ್ಲಿ ಬೆಳಗಿನಿಂದ ಬಂದ ಬೇಡಿಕೆಗಳೂ, ಹಣ ತೆತ್ತವರ ವಿಳಾಸಗಳೂ ಅದರೊಡನೆ ಅಳಿಸಿಹೋಗಬಹುದು. ಆದುದರಿಂದ ಆಕೆಯು ಮೊದಲು, ಕೆಟ್ಟ ಸ್ಥಿತಿಯಲ್ಲಿಯೇ ಇದ್ದ ತಾಣದ ಒಂದು ಪ್ರತಿಯನ್ನು ತೆಗೆದಿರಿಸಿದಳು.

ಹಿಂದೊಮ್ಮೆ ಆಕೆಯೇ ಹೇಳಿದ್ದ ಸಂಗತಿಯೊಂದು ಆಗ ನನಗೆ ನೆನಪಾಯಿತು. 2021ನೆಯ ಇಸವಿ ಜೂನ್ 8ರಂದು ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗಳ ತಾಣಗಳೂ, ಬ್ರಿಟಿಷ್ ಸರ್ಕಾರದ ತಾಣವೂ ಏಕಕಾಲದಲ್ಲಿ ಸ್ತಬ್ಧವಾದುವು. ಇವೆಲ್ಲವೂ ಫಾಸ್ಟ್‌ಲಿ ಎಂಬ ಅಮೆರಿಕದ ಸಂಸ್ಥೆಯ ಗಣಕಯಂತ್ರಗಳ ಮೂಲಕ ಓದುಗರನ್ನು ತಲಪುತ್ತಿದ್ದುವು. ಆ ಸಂಸ್ಥೆಯ ಗಿರಾಕಿಯೊಬ್ಬನು ತನ್ನ ಏರ್ಪಾಟಿನಲ್ಲಿ ಅಲ್ಪ ಮಾರ್ಪಾಡನ್ನು ಮಾಡಿದೊಡನೆಯೇ ಜಾಲದ ಶೇಕಡ 85 ಭಾಗವು ದೋಷಸೂಚನೆಯನ್ನು ಕೊಡತೊಡಗಿತು. ತೊಂದರೆಯು ಒಂದೇ ನಿಮಿಷದಲ್ಲಿ ಗೊತ್ತಾಯಿತು. ಕಾರಣವನ್ನು ಕಂಡುಹಿಡಿಯಲು ಸುಮಾರು 40 ನಿಮಿಷ ಹಿಡಿಯಿತು. ಆ ಮಾರ್ಪಾಡನ್ನು ತೆಗೆದುಹಾಕಲಾಗಿ, ಮೊದಲಿನಿಂದ ಲೆಕ್ಕಹಾಕಿದರೆ 49 ನಿಮಿಷಗಳಲ್ಲಿ ಶೇಕಡ 95 ಭಾಗ ಸುಸ್ಥಿತಿಗೆ ಬಂದಿತು. ವಿಶೇಷವೇನೆಂದರೆ, ಗಿರಾಕಿಯು ಮಾಡಿದುದು ಕ್ರಮಬದ್ಧವಾದ ಕಾರ್ಯವೇ. ದೋಷವು ಮೇ 12ರಂದು ಸಂಸ್ಥೆಯವರೇ ಅಳವಡಿಸಿದ್ದ ತಂತ್ರಾಂಶದಲ್ಲಿ ಅಡಗಿ ಕುಳಿತಿದ್ದಿತು. ಸಂಸ್ಥೆಯು ಅದನ್ನು ಒಪ್ಪಿಕೊಂಡು ಪ್ರಕಟಿಸಿತು. ಗಿರಾಕಿಯ ಹೆಸರನ್ನು ಮಾತ್ರ ಹೊರಗೆಡಹಲಿಲ್ಲ. ಮುಟ್ಟಿದವನೇ ಅಪರಾಧಿಯೆಂದು ಎಷ್ಟು ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆಯೋ!

ಸೊಸೆಯು ಪುನಃ ಕೇಳಿದಳು: "ಯಜಮಾನರೇ, ತಪ್ಪು ಯಾರದೆಂದು ನಾನು ಕೇಳುತ್ತಿಲ್ಲ. ಕೊನೆಯದಾಗಿ ಏನಾಯಿತೆಂದು ತಿಳಿದರೆ ಈ ದಿನದ ಬೇಡಿಕೆಗಳು ಉಳಿಯುತ್ತವೆ."

ಸ್ವಲ್ಪ ಹೊತ್ತು ಮೌನ. ಬಳಿಕ ಯುವಕನೊಬ್ಬನ ಸಣ್ಣ ದನಿ ಕೇಳಿಸಿತು. "ಅಕ್ಕಾ, ಹಬ್ಬದ ರಿಯಾಯಿತಿ ತೋರಿಸುವುದಕ್ಕೆ ಒಂದು ಪ್ಲಗಿನ್ ಇದೆಯಲ್ಲಾ, ಅದರ ಹೊಸ ಆವೃತ್ತಿಯನ್ನು ಸಂಜೆ ನಾನೇ ಹಾಕಿದೆ."

ಪ್ಲಗಿನ್ ಎಂದರೆ ಮೂಲ ತಂತ್ರಾಂಶಕ್ಕೆ ತಗುಲಿಸುವ ಉಪಾಂಗ. ಹೊಸ ಉಪಾಂಗಕ್ಕೂ ಹಳೆಯ ಶರೀರಕ್ಕೂ ಹೊಂದಿಕೆಯಾಗಿರಲಿಲ್ಲ. ಆಕೆಯು ಆ ಉಪಾಂಗವಿದ್ದ ಫೋಲ್ಡರಿನ ಹೆಸರನ್ನು ಬದಲಾಯಿಸಿದಳು, ಅಷ್ಟೆ. ತಂತ್ರಾಂಶವು ಅದನ್ನು ಕಾಣದೆ ಬಿಟ್ಟು ಮುಂದೆ ಸಾಗಿತು. ಸೀರೆಗಳು ಮತ್ತೆ ಕಾಣಿಸಿಕೊಂಡುವು. ಬೇಡಿಕೆ ಒಂದೂ ಕಳೆದಿರಲಿಲ್ಲ.

ಅತ್ತ ತಂದೆಯವರ ಸ್ವರ ಏರುತ್ತಿದ್ದಿತು. "ಅವನನ್ನು ಬೈಯಬೇಡಿ," ಎಂದಳು ಈಕೆ. "ನಾಳೆ ಬೇರೊಂದು ಪ್ರತಿಯಲ್ಲಿ ಹೊಸದನ್ನು ಹಾಕಿ ಪರೀಕ್ಷಿಸುವೆ. ಅವನೂ ನನ್ನೊಡನೆ ಕುಳಿತು ನೋಡಲಿ."

ಎಲೆಯ ಮೇಲಿನ ಸಾರನ್ನ ಆರಿಹೋಗಿದ್ದಿತು. ನನ್ನವಳು ಅದನ್ನು ಬದಿಗೆ ಸರಿಸಿ, ಬಿಸಿಯದನ್ನು ಬಡಿಸಿದಳು.