ಔಷಧದಂಗಡಿಯ ತಾಯಿ, ಹೊಲಿಗೆ ಯಂತ್ರದ ತಾಯಿ

ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪತಿ ರಿಷಿ ಸುನಕ್ 2022ರಲ್ಲಿ ಬ್ರಿಟನ್ನಿನ ಪ್ರಧಾನಿಯಾದಾಗ ‘ನಮ್ಮ ಅಳಿಯ’ ಅಂತ ನಾವೆಲ್ಲ ಹಿಗ್ಗಿದ್ದೇ ಹಿಗ್ಗು! ಅಳಿಯನ ವಿಚಾರ ಬಿಡಿ, ಆತನ ತಾಯಿಯನ್ನು ನೋಡಿ. ಟಾಂಜಾನಿಯಾದಿಂದ ಹೋದ ಉಷಾ ಸುನಕ್ ಓದಿದವರು, ಸೌತಾಂಪ್ಟನ್ನಿನಲ್ಲಿ ಸ್ವಂತ ಔಷಧದಂಗಡಿ ನಡೆಸಿದವರು. ಇನ್ನು, 2016ರಲ್ಲಿ ಲಂಡನ್ನಿನ ಮೇಯರ್ ಆದ ಸಾದಿಕ್ ಖಾನರ ಹೆತ್ತವರು ಪಾಕಿಸ್ತಾನದಿಂದ ಹೋದವರು. ತಂದೆ ಬಸ್ ಡ್ರೈವರ್, ತಾಯಿ ಬಟ್ಟೆ ಹೊಲಿಯುತ್ತ ಎಂಟು ಮಕ್ಕಳನ್ನು ಬೆಳೆಸಿದಾಕೆ.

ಭಾರತದವರು ಚುರುಕು, ಅವರು ಹಿಂದೆ ಅಂತ ತೀರ್ಪು ಕೊಟ್ಟುಬಿಡೋದು ಸುಲಭ. ಆದರೆ ಯಾರು ಎಲ್ಲಿಂದ, ಹೇಗೆ ಹೋದರು ಅಂತ ಮೊದಲು ಕೇಳಬೇಕು. ಭಾರತ ಮೂಲದವರಲ್ಲಿ ಡಾಕ್ಟರುಗಳಿದ್ದರು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ವ್ಯಾಪಾರಿ ಕುಟುಂಬಗಳಿದ್ದವು. ಕೈ ಬರಿದಾಗಿದ್ದರೂ ಇಂಗ್ಲಿಷ್ ಇತ್ತು, ಲೆಕ್ಕಪತ್ರ ಗೊತ್ತಿತ್ತು. ಪಾಕಿಸ್ತಾನ ಮೂಲದವರಲ್ಲಿ ಬಹಳ ಮಂದಿ ಮಿರ್‌ಪುರದ ರೈತರು. 1967ರಲ್ಲಿ ಮುಗಿದ ಮಂಗ್ಲಾ ಅಣೆಕಟ್ಟು ಅಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮನೆಮಠ ಮುಳುಗಿಸಿತು. (ಶರಾವತಿ ತೀರದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.) ಅವರ ಗಂಡಸರು ಬ್ರಾಡ್‌ಫರ್ಡ್‌ನಂಥ ಊರುಗಳ ಬಟ್ಟೆ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡಿದರು. ಹೆಂಡಿರು ಮಕ್ಕಳು ಬಂದು ಸೇರಿ ಸಂಸಾರ ನಿಲ್ಲುವಷ್ಟರಲ್ಲಿ, ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಗಂಡಸರು ಟ್ಯಾಕ್ಸಿ ಹಿಡಿದರು. ಎಷ್ಟೋ ಹೆಂಗಸರು ಮನೆಯಲ್ಲೇ ಕೂತು ಪೀಸಿಗಿಷ್ಟು ಅಂತ ಹೊಲಿದರು. ಆ ದುಡಿಮೆ ಸರ್ಕಾರದ ಲೆಕ್ಕಕ್ಕೆ ಸರಿಯಾಗಿ ಬರಲೇ ಇಲ್ಲ. ಮನೆಗೆಲಸದ ಹಾಗೇ ಅನ್ನಿ.

ಹಾಗಂತ ಭಾರತದ ಹೆಂಗಸರೆಲ್ಲ ಅಂಗಡಿ ಒಡತಿಯರೇನೂ ಅಲ್ಲ. 1976ರಲ್ಲಿ ಲಂಡನ್ನಿನ ಗ್ರನ್‌ವಿಕ್ ಫೋಟೋ ಕಾರ್ಖಾನೆಯಿಂದ ಹೊರನಡೆದು, ಸೀರೆಯುಟ್ಟೇ ಸುಮಾರು ಎರಡು ವರ್ಷ ಮುಷ್ಕರ ನಡೆಸಿದ ಜಯಾಬೆನ್ ದೇಸಾಯಿ ಗುಜರಾತಿನ ಗೃಹಿಣಿಯೇ.

ಈಗ ಓದಿನ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಭಾರತ ಮೂಲದ ಮಕ್ಕಳು ಮುಂದೆ ಇದ್ದಾರೆ, ನಿಜ. ಆದರೆ ಪಾಕಿಸ್ತಾನ ಮೂಲದ ಮಕ್ಕಳೂ ಬಿಳಿಯರ ಮಕ್ಕಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿದ್ದಾರೆ. ಡ್ಯೂಸ್‌ಬರಿಯ ಗಿರಣಿ ಕೆಲಸಗಾರನ ಮಗಳು ಸಯೀದಾ ವಾರ್ಸಿ ವಕೀಲೆಯಾಗಿ, 2010ರಲ್ಲಿ ಬ್ರಿಟಿಷ್ ಸಂಪುಟದ ಮೊದಲ ಮುಸ್ಲಿಂ ಮಹಿಳೆಯಾದರು.

ತೊಡಕಿರುವುದು ಆಮೇಲೆ. ಭಾರತ ಮೂಲದ ಹತ್ತು ಹೆಂಗಸರಲ್ಲಿ ಸುಮಾರು ಏಳು ಮಂದಿ ಕೆಲಸದಲ್ಲಿದ್ದರೆ, ಪಾಕಿಸ್ತಾನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಮದುವೆ, ಮಕ್ಕಳು, ಅತ್ತೆಮಾವನ ಆರೈಕೆ ಒಂದು ಕಡೆ. ಇನ್ನೊಂದು ಕಡೆ, ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದವರಿಗೆ, ಇಂಗ್ಲಿಷ್ ಹೆಸರಿಗೆ ಬರುವಷ್ಟು ಕರೆ ಪಾಕಿಸ್ತಾನಿ ಹೆಸರಿಗೆ ಬರಲಿಲ್ಲ.