ದೊಡ್ಡ ಚಟ ಬಿಟ್ಟವನಿಗೆ ಸಣ್ಣದೊಂದು ಇರಲಿ ಬಿಡಿ ಎನ್ನುವಿರಾ?

ಬ್ರೌನ್ ಶುಗರ್ ಚಟಕ್ಕೆ ಬಿದ್ದಿದ್ದ ಮಗ ಕೊನೆಗೂ ಚಿಕಿತ್ಸೆಗೆ ಒಪ್ಪಿದ್ದಾನೆ. ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ರಾತ್ರಿ ಮನೆಯಲ್ಲೇ ಮಲಗುತ್ತಾನೆ. ಆದರೆ ಸಿಗರೇಟು ಮಾತ್ರ ಒಂದರ ಹಿಂದೆ ಒಂದು ಉರಿಯುತ್ತಲೇ ಇದೆ. "ಅಷ್ಟು ದೊಡ್ಡ ಚಟವನ್ನೇ ಬಿಟ್ಟಿದ್ದಾನಲ್ಲ, ಇದೊಂದು ಇರಲಿ ಬಿಡಿ" ಎಂದು ತಾಯಿ ಸಮಾಧಾನ ತಂದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಇಂಥವರಿದ್ದರೆ ನೀವೂ ಹೀಗೆಯೇ ಹೇಳುತ್ತಿದ್ದೀರಾ?

ಈ ರಿಯಾಯಿತಿ ಬಹಳ ದುಬಾರಿ. ಅಮೆರಿಕದ ಮಿನೆಸೋಟದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಚಟಕ್ಕೆ ಚಿಕಿತ್ಸೆ ಪಡೆದಿದ್ದ 845 ಮಂದಿಯ ಬಗ್ಗೆ 1996ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರ ಪೈಕಿ ಮರಣ ಹೊಂದಿದವರಲ್ಲಿ ಅರ್ಧದಷ್ಟು ಮಂದಿಯ ಸಾವು ತಂಬಾಕಿಗೆ ಸಂಬಂಧಿಸಿದ್ದಾಗಿತ್ತು. ಮದ್ಯದಿಂದಾದ ಸಾವುಗಳು ಅದಕ್ಕಿಂತ ಕಡಿಮೆ! ಮಾದಕ ವಸ್ತುವಿನಿಂದ ಪಾರಾದ ಜೀವವನ್ನು ಹೊಗೆಗೆ ಒಪ್ಪಿಸುವುದು ಯಾವ ಜಾಣತನ?

"ಎರಡನ್ನೂ ಒಟ್ಟಿಗೆ ಬಿಡಿಸಲು ಹೋದರೆ ಮತ್ತೆ ಹಳೆಯ ದಾರಿ ಹಿಡಿದಾನು" ಎಂಬ ಭಯ ಹಲವರಿಗಿದೆ. ಆದರೆ 19 ಪ್ರಯೋಗಗಳನ್ನು ಪರಿಶೀಲಿಸಿದ 2004ರ ಒಂದು ವಿಮರ್ಶೆ ಇದಕ್ಕೆ ವಿರುದ್ಧವಾದುದನ್ನೇ ಹೇಳಿತು. ಚಿಕಿತ್ಸೆಯ ಜೊತೆಗೇ ಧೂಮಪಾನ ಬಿಡಲು ನೆರವು ಪಡೆದವರು ಮದ್ಯ ಮತ್ತು ಮಾದಕ ವಸ್ತುಗಳಿಂದ ದೀರ್ಘಕಾಲ ದೂರವಿರುವ ಸಾಧ್ಯತೆ ಶೇ. 25ರಷ್ಟು ಹೆಚ್ಚಿತ್ತು.

ಹಾಗಾದರೆ ಬಿಡುವುದು ಇಷ್ಟು ಕಷ್ಟವೇಕೆ? ಚಿಕಿತ್ಸೆಯಲ್ಲಿ ಕೊಡುವ ಬ್ಯೂಪ್ರೆನಾರ್ಫಿನ್, ಮೆಥಡೋನ್‌ನಂತಹ ಔಷಧಿಗಳು ಮತ್ತು ನಿಕೋಟಿನ್ ಮೆದುಳಿನಲ್ಲಿ ಒಂದರ ಪರಿಣಾಮವನ್ನು ಇನ್ನೊಂದು ಹೆಚ್ಚಿಸುತ್ತವೆ. ಡೋಸ್ ತೆಗೆದುಕೊಂಡ ಬಳಿಕ ಸೇದುವ ಬಯಕೆ ಏರುವುದುಂಟು. ಅದು ಅವನ ಹಟಮಾರಿತನವಲ್ಲ. ಹಾಗೆಂದು ಸಿಗರೇಟು ಬಿಡಿಸುವ ಆತುರದಲ್ಲಿ ಆ ಔಷಧಿಯನ್ನು ನೀವಾಗಿಯೇ ಕಡಿಮೆ ಮಾಡಬೇಡಿ, ನಿಲ್ಲಿಸಲೂ ಬೇಡಿ. ಅದರಿಂದ ಪ್ರಾಣಕ್ಕೇ ಅಪಾಯ.

ನೀವು ಮಾಡಬಹುದಾದದ್ದು ಬಹಳಷ್ಟಿದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೇ ಸಿಗರೇಟು, ಬೀಡಿ, ಗುಟ್ಕಾ ಎಲ್ಲವನ್ನೂ ಮುಚ್ಚಿಡದೆ ತಿಳಿಸಿ. ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್, ವೆರೆನಿಕ್ಲಿನ್ ಮಾತ್ರೆ ಮುಂತಾದವುಗಳಲ್ಲಿ ಯಾವುದು ಸೂಕ್ತವೆಂದು ಅವರು ಹೇಳುತ್ತಾರೆ. ಗಮ್ಮನ್ನು ಮಿಠಾಯಿಯಂತೆ ಜಗಿಯಬಾರದು. ನಿಧಾನವಾಗಿ ಜಗಿದು, ಬಾಯಲ್ಲಿ ಚುರುಗುಟ್ಟಿದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಬೇಡ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356. ಮಾದಕ ವ್ಯಸನದ ಕುರಿತ ಸಹಾಯವಾಣಿ 14446.

ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಸಿಡುಕು, ನಿದ್ರಾಹೀನತೆ ಹೆಚ್ಚು. ಆಗ ಉಪದೇಶ ಬೇಡ, ತಾಳ್ಮೆ ಬೇಕು. ಮಗನಿಗೆ ಬುದ್ಧಿ ಹೇಳುವ ತಂದೆ ಜಗಲಿಯಲ್ಲಿ ಬೀಡಿ ಹಚ್ಚಿದರೆ ಮಾತಿಗೆ ಬೆಲೆಯೆಲ್ಲಿ? ಒಮ್ಮೆ ಎಡವಿದರೆ "ನಿನ್ನಿಂದಾಗದು" ಎನ್ನಬೇಡಿ. ಅತಿ ದೊಡ್ಡ ಚಟವನ್ನು ಎದುರಿಸಿ ನಿಂತವನಲ್ಲವೇ ಅವನು? ಅದನ್ನೇ ಅವನಿಗೆ ನೆನಪಿಸಿ.